ಅಳಿಸುವ ಮಾತುಗಳೂ ನನ್ನ ಒಂದು ತರ್ಜುಮೆಯೂ

ಈ ವರ್ಷ ನಮ್ಮ ಬೀದಿಯ ಸರೋಜಳಿಗೆ ಕೋರ್ಟಿನಲ್ಲಿ ನಕಲು ಗುಮಾಸ್ತೆಯ ಕೆಲಸ ಸಿಕ್ಕಿತು. ಸೇರಿದ ವಾರದಲ್ಲೇ ಒಂದು ಸಂಜೆ ಬಂದು ಜಗಲಿಯ ಮೇಲೆ ಕುಳಿತಳು. ಕೈಯಲ್ಲಿ ಒಂದು ಚೀಟಿ. ಆರು ಇಂಗ್ಲಿಷ್ ಮಾತುಗಳನ್ನು ಬರೆದುಕೊಂಡು ಬಂದಿದ್ದಳು: ಇರೇಸ್, ಡಿಲೀಟ್, ಕ್ಯಾನ್ಸಲ್, ಆಬ್ಲಿಟರೇಟ್, ಎಫೇಸ್, ಎಕ್ಸ್‌ಪಂಜ್.

"ತಾತ, ಇವಕ್ಕೆಲ್ಲ ಅಳಿಸೋದು ಅಂತಲೇ ಅಲ್ವಾ ಅರ್ಥ? ಒಂದು ಕೆಲಸಕ್ಕೆ ಆರು ಮಾತು ಯಾಕೆ ಬೇಕಿತ್ತು ಅವರಿಗೆ?"

"ಒಂದು ಕೆಲಸ ಅಲ್ಲಮ್ಮ, ಆರು ಕೆಲಸ" ಅಂದೆ. ಅವಳು ನಕ್ಕಳು. ನಾನು ಹೇಳಲು ಹೊರಟೆ, ಆದರೆ ಕೊನೆಯ ಮಾತಿಗೆ ಬಂದಾಗ ನಿಲ್ಲಿಸಿದೆ. ಹೇಳಲು ಆಗದೇ ಹೋದದ್ದನ್ನು ಬರೆದಿಡುತ್ತಿದ್ದೇನೆ. ಅವಳಂತೆ ಹೊಸದಾಗಿ ಈ ಕೆಲಸಕ್ಕೆ ಬರುವವರು ಓದಿದರೆ ಸಾಕು.

ನಾನು ಮೊದಲು ಸೇರಿದ್ದು ರಾಯದುರ್ಗದ ಒಂದು ಕಚೇರಿಗೆ. ಆಗ ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮದರಾಸು ಸರ್ಕಾರದ ಕಾಲ. ಬೆಟ್ಟದ ಬುಡದ ಹೆಂಚಿನ ಕಟ್ಟಡ, ಮೂರು ಮೇಜು, ದಫ್ತರದ ಗಂಟುಗಳು ಸೂರಿನವರೆಗೆ. ಹಳೆಯ ತೀರ್ಪು, ಕ್ರಯಪತ್ರ, ಹೇಳಿಕೆಗಳನ್ನು ನೋಡಿ ನಕಲು ಮಾಡಿ ಕೊಡುವುದು ನನ್ನ ಕೆಲಸ. ನಕಲಿನ ಕೆಳಗೆ 'ಮೂಲಕ್ಕೆ ಸರಿಯಾಗಿದೆ' ಎಂದು ಬರೆದು ರುಜು ಹಾಕಿ ಮೊಹರು ಒತ್ತಿದರೆ, ಆ ಕಾಗದ ಮೂಲದಷ್ಟೇ ನಿಜ. ಇಪ್ಪತ್ತೆರಡರ ವಯಸ್ಸಿನಲ್ಲಿ ಆ ಮಾತಿನ ಭಾರ ನನಗೆ ಗೊತ್ತಿರಲಿಲ್ಲ. ಅಕ್ಷರ ಚೆನ್ನಾಗಿತ್ತು, ವೇಗ ಚೆನ್ನಾಗಿತ್ತು, ಇನ್ನೇನು ಬೇಕು ಅಂದುಕೊಂಡಿದ್ದೆ.

ಹೆಡ್ ಗುಮಾಸ್ತರು ಪಂಪಾಪತಿಯವರು. ಬಿಳಿ ರುಮಾಲು, ಮೊಣಕೈ ಬಳಿ ತೇಪೆ ಹಾಕಿದ ಕರಿ ಕೋಟು, ಹಣೆಯಲ್ಲಿ ವಿಭೂತಿ. ಬಳ್ಳಾರಿಯಲ್ಲಿ ಪಾದ್ರಿಯೊಬ್ಬರ ಹತ್ತಿರ ನಾಲ್ಕು ವರ್ಷ ಲ್ಯಾಟಿನ್ ಕಲಿತವರು. ಯಾಕೆ ಕಲಿತಿರಿ ಎಂದರೆ, "ಆ ಮುದುಕನಿಗೆ ಕಲಿಸೋದಕ್ಕ ಬೇರೆ ಯಾರೂ ಸಿಕ್ಕಿರಲಿಲ್ಲಪಾ" ಅನ್ನುತ್ತಿದ್ದರು. ಮೇಜಿನ ಮೇಲೆ ಬೆನ್ನು ಕಿತ್ತುಹೋದ ಒಂದು ದಪ್ಪ ನಿಘಂಟು ಸದಾ ಇರುತ್ತಿತ್ತು. ಊಟದ ವಿರಾಮದಲ್ಲಿ ರೊಟ್ಟಿ ಬಿಚ್ಚುವ ಮೊದಲು ಅದನ್ನು ಬಿಚ್ಚುತ್ತಿದ್ದರು.

ನನಗೆ ಅವರು ಕಲಿಸಿದ ಮೊದಲ ಮಾತು ಇರೇಸ್. ಅದು ನನ್ನ ಮೊದಲ ದೊಡ್ಡ ತಪ್ಪಿನಿಂದ ಬಂದ ಪಾಠ.

ಗುಮ್ಮಘಟ್ಟದ ಕಡೆಯ ಕುರಿಗಾರ ಈರಣ್ಣ ಎಂಬುವನು ಒಂದು ಹಳೆಯ ತೀರ್ಪಿನ ನಕಲು ಬೇಕೆಂದು ಬಂದ. ಅವನ ತಾತನ ಕಾಲದಲ್ಲಿ, ಇವರ ಕುರಿಗಳು ನೀರು ಕುಡಿಯಲು ಕುಂಟೆಗೆ ಹೋಗಲು ಪಕ್ಕದ ಹೊಲದ ಪಡುವಣ ಬದುವಿನ ಮೇಲೆ ದಾರಿ ಉಂಟು ಎಂದು ತೀರ್ಪಾಗಿತ್ತು. ಈಗ ಹೊಲದವರು ಆ ದಾರಿಗೆ ಬೇಲಿ ಹಾಕಿದ್ದರು. ನಾನು ನಕಲು ಮಾಡುವಾಗ ಪಶ್ಚಿಮ ಎನ್ನುವ ಕಡೆ ಪೂರ್ವ ಎಂದು ಬರೆದುಬಿಟ್ಟೆ. ಓದಿ ನೋಡುವಾಗ ಕಣ್ಣಿಗೆ ಬಿತ್ತು. ಹಾಳೆ ಪೂರ ಮತ್ತೆ ಬರೆಯಲು ಸೋಮಾರಿತನ. ನಮ್ಮಲ್ಲಿ ಪ್ರತಿಯೊಬ್ಬ ಗುಮಾಸ್ತನ ಹತ್ತಿರ ಒಂದು ಸಣ್ಣ ಚಾಕು ಇರುತ್ತಿತ್ತು. ಅದರ ಮೊನೆಯಿಂದ ಆ ಮಾತನ್ನು ಮೆಲ್ಲಗೆ ಕೆರೆದೆ, ಉಗುರಿನಿಂದ ಉಜ್ಜಿ ನುಣುಪು ಮಾಡಿದೆ, ಮೇಲೆ ಪಶ್ಚಿಮ ಎಂದು ಬರೆದೆ. ಯಾರಿಗೂ ಗೊತ್ತಾಗದ ಹಾಗೆ ಬಂತು. ಹೆಮ್ಮೆಯೂ ಆಯಿತು.

ಬಳ್ಳಾರಿಯ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರಂತೆ. ಆ ಒಂದು ಮಾತಿನ ಜಾಗ ಮಾತ್ರ ಎಣ್ಣೆ ಹತ್ತಿದಂತೆ ಹೊಳೆಯಿತಂತೆ. ಇದು ತಿದ್ದಿದ ಕಾಗದ, ಕಕ್ಷಿದಾರನೇ ತಿದ್ದಿದ್ದಾನೆ ಎಂದರು. ಕಾಗದ ಒಪ್ಪಲಿಲ್ಲ, ವಿಚಾರಣೆ ಮುಂದೆ ಹೋಯಿತು. ಆ ಬೇಸಗೆಯೆಲ್ಲ ಈರಣ್ಣ ತನ್ನ ಕುರಿಗಳನ್ನು ಎರಡು ಮೈಲಿ ಸುತ್ತು ಬಳಸಿ ನೀರಿಗೆ ಹೊಡೆದುಕೊಂಡು ಹೋಗಬೇಕಾಯಿತು.

ಅವನು ಕಚೇರಿಗೆ ವಾಪಸು ಬಂದಾಗ ನಾನು ಬಾಗಿಲ ಹತ್ತಿರವೇ ಕುಳಿತಿದ್ದೆ. ಜಗಳಕ್ಕೆ ಬಂದ ಎಂದುಕೊಂಡೆ. ಅವನು ಕಂಬಳಿ ಕೆಳಗಿಟ್ಟು ಕಾಗದವನ್ನು ಪಂಪಾಪತಿಯವರ ಮುಂದೆ ಚಾಚಿದ.

"ಬುದ್ಧೀ, ಇದರಾಗ ಏನೈತೋ ನನಗ ಓದಾಕ ಬರಂಗಿಲ್ಲ. ಆದ್ರ ನಾನು ಮುಟ್ಟಿಲ್ರಿ. ಜಡ್ಜರ ಮುಂದ ನನ್ನ ಕಳ್ಳ ಅಂದ್ರು. ಯಾಕ ಅಂದ್ರು ಅಂತ ಕೇಳಾಕ ಬಂದೀನ್ರಿ."

ಪಂಪಾಪತಿಯವರು ಕಾಗದವನ್ನು ಬೆಳಕಿಗೆ ಹಿಡಿದರು. ನನ್ನ ಕಡೆ ನೋಡಲಿಲ್ಲ. ಎದ್ದು ನಿಂತು, "ತಪ್ಪು ನಮ್ದು ಐತಿ ಈರಣ್ಣ. ಕೂಡ್ರು. ನಾನ ಸ್ವತಃ ಬರೆದು ಕೊಡ್ತೀನಿ" ಎಂದರು. ಮಧ್ಯಾಹ್ನದ ಊಟ ಬಿಟ್ಟು ಎಂಟು ಹಾಳೆ ತಾವೇ ಬರೆದರು. ಜೊತೆಗೆ ಕೋರ್ಟಿಗೆ ಒಂದು ಪತ್ರವನ್ನೂ ಬರೆದರು, ಕೆರೆದವನು ನಮ್ಮ ಗುಮಾಸ್ತ, ಕಕ್ಷಿದಾರನಲ್ಲ ಎಂದು. ಮುಂದಿನ ಮಳೆಗಾಲದ ಹೊತ್ತಿಗೆ ಈರಣ್ಣನಿಗೆ ದಾರಿ ಸಿಕ್ಕಿತು. ಆದರೆ ಜಡ್ಜರ ಮುಂದೆ ಕಳ್ಳ ಎನಿಸಿಕೊಂಡ ಆ ದಿನವನ್ನು ಅವನಿಗೆ ಯಾರಿಂದಲೂ ವಾಪಸು ಕೊಡಲಾಗಲಿಲ್ಲ.

ಅವನು ಹೋದ ಮೇಲೆ ನನ್ನನ್ನು ಕರೆದರು. ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ನಿಘಂಟನ್ನು ನನ್ನ ಕಡೆ ತಿರುಗಿಸಿದರು.

"ಓದು. ಇರೇಸ್. ಲ್ಯಾಟಿನ್ನಾಗ ಅದಕ್ಕ ಕೆರೆದು ತೆಗಿಯೋದು ಅಂತ ಅರ್ಥ. ನೀನು ಗಡ್ಡ ಹೆರೀತಿಯಲ್ಲ ರೇಜರ್, ಅದೂ ಇದೂ ಒಂದ ಬೇರಿನವು. ಚರ್ಮದ ಮ್ಯಾಲೆ ಬರೆಯೋ ಕಾಲದಾಗ ಹಿಂಗ ಕೆರೀತಿದ್ರು. ಕೆರೆದ್ರ ಮಾತಷ್ಟ ಹೋಗಂಗಿಲ್ಲ, ಬರೆಸಿಕೊಂಡ ಚರ್ಮಾನೂ ಸವೀತದ. ಈರಣ್ಣನ ಚರ್ಮ ಸವೀತು, ನಿಂದಲ್ಲ."

ಆಮೇಲೆ ಒಂದು ಹಾಳೆ ತೆಗೆದು ಕೆಂಪು ಮಸಿಯಿಂದ ಒಂದು ಮಾತಿನ ಮೇಲೆ ಒಂದೇ ಗೆರೆ ಎಳೆದರು. ಗೆರೆಯ ಕೆಳಗಿನ ಮಾತು ಓದಲು ಬರುವಂತಿತ್ತು. ಮೇಲೆ ಸರಿಯಾದ ಮಾತು, ಅಂಚಿನಲ್ಲಿ ಹೆಸರಿನ ಮೊದಲಕ್ಷರ. "ತಪ್ಪು ಮಾಡಿದ್ರ ಹಿಂಗ. ತಪ್ಪೂ ಕಾಣಬೇಕು, ಸರಿನೂ ಕಾಣಬೇಕು, ಮಾಡಿದವ ಯಾರು ಅಂತನೂ ಕಾಣಬೇಕು."

ಮರುದಿನದಿಂದ ನಾನು ನನ್ನ ಚಾಕುವನ್ನು ಪೆನ್ಸಿಲ್ ಹೆರೆಯಲು ಮಾತ್ರ ಇಟ್ಟುಕೊಂಡೆ.

ಆ ನಂತರದ ದಿನಗಳಲ್ಲಿ ಉಳಿದ ಮಾತುಗಳು ಒಂದೊಂದಾಗಿ ಬಂದವು. ಕ್ಯಾನ್ಸಲ್ ಎಂದರೆ ಜಾಲರಿ ಎಂದು ಅವರು ಹೇಳಿದಾಗ ನಾನು ನಂಬಲಿಲ್ಲ. ಕಚೇರಿಯ ಕಿಟಕಿಯ ಅಡ್ಡಡ್ಡ ಉದ್ದುದ್ದ ಸರಳುಗಳನ್ನು ತೋರಿಸಿದರು. ಬೇಡವಾದ ಬರಹದ ಮೇಲೆ ಗೆರೆಗಳನ್ನು ಅಡ್ಡಡ್ಡ ಎಳೆದರೆ ಹೀಗೆ ಜಾಲರಿಯಾಗುತ್ತದೆ. ಬರಹ ಒಳಗೆ ಇರುತ್ತದೆ, ಹೊರಗೆ ಬರಲಾರದು. ಹಿಂದೆ ರೋಮಿನಲ್ಲಿ ನ್ಯಾಯಸ್ಥಾನದ ಜಾಲರಿಯ ಪಕ್ಕ ನಿಲ್ಲುತ್ತಿದ್ದ ಕಾವಲಿನವನ ಹೆಸರೇ ಬೆಳೆದು ಬೆಳೆದು ಚಾನ್ಸಲರ್ ಆಯಿತಂತೆ. ಆಬ್ಲಿಟರೇಟ್ ಎಂದರೆ ಅಕ್ಷರದ ಮೇಲೆ ಬಳಿಯುವುದು. ಅಂಚೆಯವರು ಲಕೋಟೆಯ ಅಂಚೆಚೀಟಿಯಲ್ಲಿರುವ ರಾಜನ ತಲೆಗೆ ಕರಿ ಮೊಹರು ಕುಟ್ಟುತ್ತಾರಲ್ಲ, ಅದು. ಡಿಲೀಟ್ ಸವರಿ ಒರೆಸಿಬಿಡುವುದು. ಒಂದು ಊರನ್ನೇ ಹೆಸರಿಲ್ಲದಂತೆ ಹಾಳುಮಾಡುವುದಕ್ಕೂ ರೋಮಿನವರು ಅದೇ ಮಾತು ಬಳಸುತ್ತಿದ್ದರು. ಎಫೇಸ್ ಎಂದರೆ ಮುಖವನ್ನು ಇಲ್ಲದಂತೆ ಮಾಡುವುದು. ಅದನ್ನು ಹೇಳಿ ಪಂಪಾಪತಿಯವರು ನಿಘಂಟನ್ನು ಮುಚ್ಚಿಟ್ಟರು. ಅವರ ಹೆಂಡತಿ ಆ ವರ್ಷ ತೀರಿಕೊಂಡಿದ್ದರು.

ಎಕ್ಸ್‌ಪಂಜ್ ಮಾತ್ರ ನನಗೆ ವಿಚಿತ್ರವಾಗಿ ಕಂಡಿತು. ಚುಚ್ಚುವುದು ಎಂಬ ಮಾತಿನಿಂದ ಬಂದದ್ದು. ತಪ್ಪಾಗಿ ಬರೆದ ಮಾತಿನ ಕೆಳಗೆ ಹಳೆಯ ಕಾಲದ ನಕಲುಗಾರರು ಚುಕ್ಕೆ ಚುಚ್ಚುತ್ತಿದ್ದರು. ಓದುವವನು ಚುಕ್ಕೆ ಕಂಡರೆ ಆ ಮಾತನ್ನು ಬಿಟ್ಟು ಮುಂದಕ್ಕೆ ಓದಬೇಕು. ಮಾತು ಇದ್ದಲ್ಲೇ ಇರುತ್ತದೆ. "ಓದುವವನ ಮ್ಯಾಲೆ ನಂಬಿಕಿ ಇಟ್ಟು ಅಳಿಸೋ ಕೆಲಸ ಇದು" ಎಂದಿದ್ದರು.

ಕೆಲವು ವರ್ಷಗಳ ನಂತರ ಪಂಪಾಪತಿಯವರು ನಿವೃತ್ತರಾದರು. ನನಗೂ ಮದುವೆಯಾಗಿ, ಹೆಂಡತಿಯ ತವರಿನ ಕಡೆ ಇರೋಣವೆಂದು ಅರ್ಜಿ ಹಾಕಿಕೊಂಡು ಮಡಕಶಿರಕ್ಕೆ ಬಂದೆ. ಅದು ಆಗಲೂ ಅನಂತಪುರ ಜಿಲ್ಲೆಯೇ. ಇಲ್ಲಿ ನನಗೆ ನಕಲಿನ ಜೊತೆ ತರ್ಜುಮೆಯ ಕೆಲಸವೂ ಬಂತು. ತೀರ್ಪು ಇಂಗ್ಲಿಷಿನಲ್ಲಿ, ಬೇಕೆಂದವರಿಗೆ ತೆಲುಗಿನಲ್ಲಿ ಬರೆದುಕೊಡುವವರು ಒಬ್ಬರು, ಕನ್ನಡದಲ್ಲಿ ಬರೆದುಕೊಡುವವನು ನಾನು. ಆ ಹೊತ್ತಿಗೆ ಟೈಪು ಯಂತ್ರ ಬಂದಿತ್ತು. ಒಂದು ಅಕ್ಷರ ತಪ್ಪಿದರೆ ಚಕ್ರದಂಥ ಗಟ್ಟಿ ರಬ್ಬರಿನಿಂದ ಉಜ್ಜುವುದು, ಕಾರ್ಬನ್ ಇಟ್ಟ ಮೂರು ಪ್ರತಿಯಲ್ಲೂ ಉಜ್ಜುವುದು. ಉಜ್ಜುವ ಕೆಲಸಕ್ಕೆ ಬಂದದ್ದರಿಂದಲೇ ರಬ್ಬರಿಗೆ ಆ ಹೆಸರು ಎಂದು ಟೈಪಿಸ್ಟರಿಗೆ ನಾನು ಹೇಳುತ್ತಿದ್ದೆ. ನಾನೇ ಈಗ ಸಣ್ಣ ಪಂಪಾಪತಿಯಾಗಿದ್ದೆ. ಮಾತುಗಳ ಬೇರು ಬಲ್ಲವನು ಎಂಬ ಹೆಸರು ಕಚೇರಿಯಲ್ಲಿತ್ತು. ಅದೇ ಹೆಸರು ನನ್ನನ್ನು ಕೆಡಿಸಿತು.

ಗುಡಿಬಂಡೆ ಕಡೆಯ ಒಂದು ಹಳ್ಳಿಯಲ್ಲಿ ಬಾವಿಯ ಹತ್ತಿರ ಹೊಡೆದಾಟವಾಗಿ ಒಬ್ಬನ ಕೈ ಮುರಿದಿತ್ತು. ಆಪಾದಿತ ಊರಿನ ದೊಡ್ಡ ರೈತ ಹನುಮಂತರಾಯಪ್ಪನ ತಮ್ಮ. ಕಣ್ಣಾರೆ ಕಂಡವಳು ಒಬ್ಬಳೇ, ಸೂಲಗಿತ್ತಿ ತಿಮ್ಮಕ್ಕ. ಬೆಳಗ್ಗೆ ಪಕ್ಕದ ಹಟ್ಟಿಯಲ್ಲಿ ಹೆರಿಗೆ ಮುಗಿಸಿ ಬಾವಿಯ ದಾರಿಯಲ್ಲಿ ಬರುತ್ತಿದ್ದಳು. ಐವತ್ತರ ಹೆಂಗಸು, ಗಂಡನಿಲ್ಲ, ಮಕ್ಕಳಿಲ್ಲ. ಸುತ್ತಿನ ಏಳೆಂಟು ಹಳ್ಳಿಯ ಅರ್ಧ ಜನ ಅವಳ ಕೈಯಲ್ಲಿ ಹುಟ್ಟಿದವರು. ಕಟಕಟೆಯಲ್ಲಿ ನಿಂತು ಕಂಡದ್ದನ್ನು ಹೇಳಿದಳು. ನೀನು ಯಾರ ಮನೆಯವಳು, ನಿನ್ನ ಪರವಾಗಿ ಹೇಳುವವರು ಯಾರಿದ್ದಾರೆ ಎಂದು ವಕೀಲರು ಕೇಳಿದ್ದಕ್ಕೆ, "ಯಾರೂ ಇಲ್ಲ ಸ್ವಾಮಿ, ನಾನೇ" ಎಂದಳು.

ಮ್ಯಾಜಿಸ್ಟ್ರೇಟರು ಆಪಾದಿತನನ್ನು ಬಿಟ್ಟರು. ತೀರ್ಪಿನಲ್ಲಿ ತಿಮ್ಮಕ್ಕನ ಬಗ್ಗೆ ಒಂದು ಸಾಲು ಬರೆದರು: ಎ ವಿಟ್ನೆಸ್ ಆಫ್ ನೋ ಕ್ಯಾರೆಕ್ಟರ್. ಇಂಥ ಒಬ್ಬಳ ಮಾತಿನ ಮೇಲೆ ಶಿಕ್ಷೆ ಕೊಡಲಾಗದು ಎಂದು.

ಹನುಮಂತರಾಯಪ್ಪ ಕನ್ನಡ ತರ್ಜುಮೆಗೆ ಅರ್ಜಿ ಹಾಕಿದ. ಯುಗಾದಿಯ ಹಿಂದಿನ ದಿನ. ಹೆಂಡತಿ, ಮಗಳನ್ನು ಕರೆದುಕೊಂಡು ಪಾವಗಡದ ಮಾವನ ಮನೆಗೆ ಹೋಗಲು ಬಸ್ಸು ಹಿಡಿಯಬೇಕಿತ್ತು. ಯುದ್ಧದ ಕಾಲ; ಪೆಟ್ರೋಲು ಸಿಗದೆ ಇದ್ದಲ ಗ್ಯಾಸಿನಿಂದ ಓಡುವ ಬಸ್ಸು, ದಿನಕ್ಕೆ ಒಂದೇ. ನಾಲ್ಕು ಹಾಳೆಯನ್ನು ಒಂದೇ ಉಸಿರಿಗೆ ಬರೆದೆ. ಆ ಸಾಲಿನ ಹತ್ತಿರ ಬಂದಾಗ ಪೆನ್ನು ನಿಲ್ಲಲಿಲ್ಲ. 'ಈಕೆ ನಡತೆಗೆಟ್ಟ ಹೆಂಗಸು' ಎಂದು ಬರೆದೆ. ಮೂಲಕ್ಕೆ ಸರಿಯಾಗಿದೆ ಎಂದು ರುಜು ಹಾಕಿದೆ, ಮೊಹರು ಒತ್ತಿದೆ, ಬಸ್ಸು ಹಿಡಿದೆ. ಹಬ್ಬ ಚೆನ್ನಾಗಿ ಆಯಿತು.

ಏಳೆಂಟು ತಿಂಗಳು ಕಳೆಯಿತು. ಮ್ಯಾಜಿಸ್ಟ್ರೇಟರಿಗೆ ವರ್ಗವಾಗಿ ಹೊಸಬರು ಬಂದರು. ಒಂದು ದಿನ ಮದರಾಸಿನ ದೊಡ್ಡ ಕೋರ್ಟಿನಿಂದ ಆಜ್ಞೆ ಬಂತು. ಹಿಂದೂಪುರದ ವಕೀಲರೊಬ್ಬರು ತಿಮ್ಮಕ್ಕನ ಪರವಾಗಿ ಅರ್ಜಿ ಹಾಕಿದ್ದರು. ಅವರ ಇಬ್ಬರು ಮಕ್ಕಳು ಅವಳ ಕೈಯಲ್ಲಿ ಹುಟ್ಟಿದ್ದರು. ಸಾಕ್ಷಿಗೆ ತನ್ನ ಮಾತು ಹೇಳಿಕೊಳ್ಳಲು ಅವಕಾಶ ಕೊಡದೆ ಹೀಗೆ ಬರೆದದ್ದು ತರವಲ್ಲ, ಆ ಮಾತುಗಳನ್ನು ತೀರ್ಪಿನಿಂದ ಎಕ್ಸ್‌ಪಂಜ್ ಮಾಡತಕ್ಕದ್ದು ಎಂದು ಆಜ್ಞೆ. ನನ್ನ ಸೇವೆಯಲ್ಲಿ ಆ ಮಾತು ಕಾಗದದ ಮೇಲೆ ಬಂದದ್ದು ಅದೇ ಮೊದಲು. ನಿಜ ಹೇಳಬೇಕೆಂದರೆ ಖುಷಿಯಾಯಿತು. ಮೂಲ ತೀರ್ಪನ್ನು ದಫ್ತರದಿಂದ ತೆಗೆದು, ಕೆಂಪು ಮಸಿಯಿಂದ ಆ ಸಾಲಿಗೆ ಗೆರೆ ಎಳೆದು, ಅಂಚಿನಲ್ಲಿ ಆಜ್ಞೆಯ ವಿವರ ಬರೆದು, ಹೊಸ ಸಾಹೇಬರ ರುಜು ಹಾಕಿಸಿದೆ. ಟೈಪಿಸ್ಟರನ್ನು ಕರೆದು ಚುಕ್ಕೆ ಚುಚ್ಚುವ ಕಥೆಯನ್ನೂ ಹೇಳಿದೆ.

ಎರಡು ದಿನದ ಮೇಲೆ ತಿಮ್ಮಕ್ಕ ಬಂದಳು. ಕಟಕಟೆಯಲ್ಲಿ ನೋಡಿದ್ದಕ್ಕಿಂತ ಬಹಳ ಸೊರಗಿದ್ದಳು.

"ವಕೀಲರು ಹೇಳಿ ಕಳ್ಸವ್ರೆ ಸ್ವಾಮಿ. ನನ್ನ ಮ್ಯಾಲಿದ್ದ ಮಾತು ಅಳ್ಸವ್ರಂತೆ. ಒಂದು ಕಿತ ನೋಡ್ಬೋದಾ?"

ದಫ್ತರ ಬಿಚ್ಚಿ ತೋರಿಸಿದೆ. ಅವಳು ಬಗ್ಗಿ ನೋಡಿದಳು. ಓದು ಬಾರದು, ಕೆಂಪು ಗೆರೆಯ ಮೇಲೆ ಬೆರಳು ಆಡಿಸಿದಳು.

"ಅಡೀಲಿ ಇನ್ನೂ ಕಾಣ್ತೈತಲ್ಲ."

"ಕಾಣಬೇಕಮ್ಮ, ಅದು ಪದ್ಧತಿ. ಆದ್ರೆ ಇನ್ನು ಅದನ್ನ ಯಾರೂ ಲೆಕ್ಕಕ್ಕೆ ತಗೋಬಾರ್ದು ಅಂತ ಅರ್ಥ."

"ಇದು ಕನ್ನಡ ಅಲ್ಲ ಅಲ್ವಾ?"

"ಇಂಗ್ಲಿಷು."

"ಮತ್ತೆ ನಮ್ಮೂರಾಗಿರೋ ಕಾಗದ ಕನ್ನಡದ್ದು ಸ್ವಾಮಿ. ಹನುಮಂತರಾಯಪ್ಪ ಅದ್ನ ಕಟ್ಟೆ ಮ್ಯಾಲೆ ಕುಂತು ಓದಿಸ್ದ. ಒಂದು ಕಿತ ಅಲ್ಲ, ನಾಕು ಕಿತ. ಈಕೆ ನಡತೆಗೆಟ್ಟ ಹೆಂಗಸು, ಅಂತ ಕೋರ್ಟೇ ಬರ್ದೈತೆ ಅಂದ. ನಂಗೆ ಬಾಯಿಗೆ ಬಂದೈತೆ. ಅವತ್ತಿಂದ ಒಂದು ಮನೇನಾಗೂ ನನ್ನ ಕರೀಲಿಲ್ಲ. ನಡತೆಗೆಟ್ಟೋಳ ಕೈನಾಗೆ ಕೂಸು ಹುಟ್ಟಬಾರದು ಅಂದ್ರು. ಆ ಕಾಗದಕ್ಕೆ ಗೆರೆ ಎಳೆಯೋರು ಯಾರು?"

ನನಗೆ ಕೂಡಲೇ ಹೊಳೆಯಲಿಲ್ಲ. ತರ್ಜುಮೆಯ ಕರಡು ತೆಗೆದು ನೋಡಿದೆ. ನನ್ನದೇ ಅಕ್ಷರ, ದುಂಡಗೆ, ಚೆಂದವಾಗಿ. ಕೋರ್ಟಿನ ಇಂಗ್ಲಿಷಿನಲ್ಲಿ ಕ್ಯಾರೆಕ್ಟರ್ ಎಂದರೆ ಒಬ್ಬರ ಪರವಾಗಿ ಇನ್ನೊಬ್ಬರು ಕೊಡುವ ಯೋಗ್ಯತೆಯ ಮಾತೂ ಹೌದು. ಮ್ಯಾಜಿಸ್ಟ್ರೇಟರು ಬರೆದದ್ದು, ಈ ಸಾಕ್ಷಿಗೆ ಹಿಂದೆ ಮುಂದೆ ಯಾರೂ ಇಲ್ಲ, ಮಾತಿಗೆ ತೂಕವಿಲ್ಲ ಎಂಬ ಅರ್ಥದಲ್ಲಿ. ಅದೂ ಅನ್ಯಾಯವೇ. ಆದರೆ ಅವಳ ನಡತೆಯ ಸುದ್ದಿ ಆ ತೀರ್ಪಿನಲ್ಲಿ ಬೇರೆ ಎಲ್ಲೂ ಇರಲಿಲ್ಲ. ಆ ಮಾತು ನನ್ನದು. ಮದರಾಸಿನ ಕೋರ್ಟು ಅಳಿಸಿದ್ದು ತಿಮ್ಮಕ್ಕ ಯಾವತ್ತೂ ಕೇಳದ ಮಾತನ್ನು. ಅವಳ ಬಾಳು ಕೆಡಿಸಿದ ಮಾತು ಹಳ್ಳಿಯಲ್ಲಿ, ನನ್ನ ರುಜುವಿನ ಮೇಲೆ, ಹಾಗೆಯೇ ಇತ್ತು.

ಆ ಸಂಜೆ ನಿಘಂಟಿನಲ್ಲಿ ಕ್ಯಾರೆಕ್ಟರ್ ತೆಗೆದು ನೋಡಿದೆ. ಮೊದಲ ಅರ್ಥ ಕೊರೆದ ಗುರುತು. ಲೋಹದ ಮೇಲೆ, ಕಲ್ಲಿನ ಮೇಲೆ ಕೊರೆಯುವ ಉಳಿ ಎಂದು. ಅಳಿಸುವ ಮಾತುಗಳ ಬೇರು ಹುಡುಕಿ ಹೆಸರು ಮಾಡಿದ್ದ ನಾನು, ಕೊರೆಯುವ ಈ ಒಂದು ಮಾತನ್ನು ತೆರೆದು ನೋಡಿರಲಿಲ್ಲ. ಗೊತ್ತಿದೆ ಅಂದುಕೊಂಡಿದ್ದೆ.

ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಒಳ್ಳೆಯವರು, ಆದರೆ ಪುಸ್ತಕದ ಪ್ರಕಾರ ನಡೆಯುವವರು. "ಕಕ್ಷಿದಾರರಿಗೆ ಕೊಟ್ಟ ಕಾಗದ ಅವರದು. ವಾಪಸು ಕೇಳಲು ನಿಯಮವಿಲ್ಲ. ಸರಿಯಾದ ತರ್ಜುಮೆ ಇನ್ನೊಂದು ಮಾಡಿ ದಫ್ತರದಲ್ಲಿಡಿ" ಎಂದರು. ದಫ್ತರದಲ್ಲಿಟ್ಟರೆ ಹಳ್ಳಿಯಲ್ಲಿ ಓದುವವರು ಯಾರು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಒಂದು ದಿನದ ರಜೆ ಕೇಳಿದೆ. ಯಾಕೆಂದು ಅವರು ಕೇಳಲಿಲ್ಲ. ಅವರಿಗೆ ಗೊತ್ತಾಗಿತ್ತು ಎಂದೇ ಈಗ ಅನ್ನಿಸುತ್ತದೆ.

ಗುಡಿಬಂಡೆಯವರೆಗೆ ಬಸ್ಸು, ಅಲ್ಲಿಂದ ನಡಿಗೆ. ಕಡ್ಲೆಕಾಯಿ ಕೀಳುವ ಕಾಲ. ಹೊಲಗಳಲ್ಲಿ ಹೆಂಗಸರು ಸಾಲಾಗಿ ಕುಳಿತಿದ್ದರು. ಹನುಮಂತರಾಯಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಇದ್ದ. ನಾನು ಕೋರ್ಟಿನವನು ಎಂದ ಕೂಡಲೇ ಎದ್ದು ಕುಳ್ಳಿರಿಸಿದ. ಮಜ್ಜಿಗೆ ತರಿಸಿದ. ನಾನು ಮುಟ್ಟಲಿಲ್ಲ. ಕಾಗದ ತೋರಿಸಿ ಎಂದೆ. ಪೆಟ್ಟಿಗೆಯಿಂದ ಜೋಪಾನವಾಗಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಾಳೆಗಳನ್ನು ತಂದ. ಅಷ್ಟರಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ತಿಮ್ಮಕ್ಕನೂ ಬಂದು ದೂರದಲ್ಲಿ, ಒಂದು ಗೋಡೆಯ ಪಕ್ಕ ನಿಂತಳು.

"ಇದರಲ್ಲಿ ಒಂದು ಮಾತು ತಪ್ಪಾಗಿದೆ" ಅಂದೆ.

"ಕೋರ್ಟು ಮೊಹರು ಐತಲ್ಲ ಸ್ವಾಮಿ, ತಪ್ಪು ಹೆಂಗಾಗ್ತೈತೆ?" ಹನುಮಂತರಾಯಪ್ಪ ನಿಜವಾಗಿಯೇ ಆಶ್ಚರ್ಯಪಟ್ಟು ಕೇಳಿದ.

"ಮೊಹರು ಕೋರ್ಟಿಂದು. ಮಾತು ನಂದು. ಇಂಗ್ಲಿಷಿನಲ್ಲಿ ಈಕೆ ನಡತೆಗೆಟ್ಟವಳು ಅಂತ ಇಲ್ಲ. ನಾನು ಅವಸರದಲ್ಲಿ ಹಾಗೆ ಬರೆದೆ. ಅಲ್ಲಿ ಇದ್ದದ್ದು, ಈಕೆಯ ಪರವಾಗಿ ಹೇಳುವವರು ಯಾರೂ ಇಲ್ಲ ಅನ್ನೋ ಅರ್ಥ. ಅದನ್ನೂ ಮದರಾಸಿನ ಕೋರ್ಟು ತಪ್ಪು ಅಂತ ತೆಗೆದುಹಾಕಿದೆ."

ನಾನು ಪೆನ್ನು ತೆಗೆದು, ಕೇಳದೆಯೇ, ಅವನ ಕೈಯಲ್ಲಿದ್ದ ಹಾಳೆಯ ಮೇಲೆ ಆ ಮಾತಿಗೆ ಗೆರೆ ಎಳೆದೆ. ಅಂಚಿನಲ್ಲಿ ಬರೆದೆ: 'ಈ ಮಾತು ತೀರ್ಪಿನಲ್ಲಿಲ್ಲ. ತರ್ಜುಮೆ ಮಾಡಿದವನ ತಪ್ಪು. ವೀರಭದ್ರಯ್ಯ.' ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಕಚೇರಿಯಿಂದ ಹೊರಗೆ ಹೋದ ಕಾಗದವನ್ನು ಹೀಗೆ ತಿದ್ದಲು ನನಗೆ ಅಧಿಕಾರವಿರಲಿಲ್ಲ. ಅದಕ್ಕೆ ಆಮೇಲೆ ವಿವರಣೆ ಕೇಳಿದರು, ನಾನು ಕೊಟ್ಟೆ, ಶಿಕ್ಷೆಯೂ ಆಯಿತು. ಅದು ದೊಡ್ಡ ಮಾತಲ್ಲ.

ಹನುಮಂತರಾಯಪ್ಪ ಹಾಳೆಯನ್ನೇ ನೋಡುತ್ತಿದ್ದ. "ನಾನು ಓದಿಸಿದ್ದು ನಿಜಾನೇ ಅಂತ ತಿಳ್ಕೊಂಡೇ ಓದಿಸ್ದೆ" ಎಂದ, ನನಗಲ್ಲ, ಗೋಡೆಯ ಕಡೆಗೆ.

ಆಗ ಗುಂಪಿನೊಳಗಿಂದ ಒಬ್ಬ ಹೆಂಗಸು ಮುಂದೆ ಬಂದಳು. ವಯಸ್ಸು ನಲವತ್ತೈದಿರಬಹುದು. ಕೈಯಲ್ಲಿ ಹೊಲದ ಮಣ್ಣು ಹಾಗೇ ಇತ್ತು. ಕರಿಯಮ್ಮ ಎಂದು ಯಾರೋ ಕರೆದು ಹಿಂದಕ್ಕೆ ಎಳೆಯಲು ನೋಡಿದರು. ಅವಳು ಬಿಡಿಸಿಕೊಂಡಳು.

"ಸ್ವಾಮಿ, ಶ್ರಾವಣದಾಗೆ ನನ್ನ ಮಗಳು ರಂಗಿಗೆ ಎಲ್ಡು ದಿನ ನೋವು ಬಂತು. ತಿಮ್ಮಕ್ಕನ್ನ ಕರೀರಿ ಅಂತ ಅವ್ಳೇ ಬಡ್ಕೊಂಡ್ಳು. ಮನೆಯೋರು ಬ್ಯಾಡ ಅಂದ್ರು. ನಾನೂ ಬ್ಯಾಡ ಅಂದೆ. ಗಾಡಿ ಕಟ್ಟಿ ಮಡಕಶಿರದ ಆಸ್ಪತ್ರೆಗೆ ಅಂತ ಹೊಂಟ್ವಿ. ದಾರೀನಾಗೇ ಎಲ್ಡು ಜೀವಾನೂ ಹೋದ್ವು. ನಾವು ಬ್ಯಾಡ ಅಂದಿದ್ದು ಈ ಮಾತಿಗೇನಾ?"

ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ನಿಂತಿದ್ದೆ. ಕರಿಯಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು, ಉತ್ತರ ಅಲ್ಲಿ ಎಲ್ಲಾದರೂ ಬರೆದಿದೆಯೇ ಎನ್ನುವಂತೆ. ಕೊನೆಗೆ ತಿಮ್ಮಕ್ಕ ಗೋಡೆ ಬಿಟ್ಟು ಬಂದು, ಅವಳ ಭುಜ ಹಿಡಿದು, "ಬಾ ಕರಿಯಮ್ಮ, ಮನೇಗೆ ಹೋಗಾನ" ಎಂದು ಕರೆದುಕೊಂಡು ಹೋದಳು. ಎಂಟು ತಿಂಗಳಲ್ಲಿ ಅವಳು ಆ ಊರಿನ ಇನ್ನೊಬ್ಬ ಹೆಂಗಸನ್ನು ಮುಟ್ಟಿದ್ದು ಅದೇ ಮೊದಲು ಎಂದು ಆಮೇಲೆ ತಿಳಿಯಿತು.

ನಾನು ಒಬ್ಬನೇ ಗುಡಿಬಂಡೆಗೆ ನಡೆದೆ. ಬಸ್ಸು ಹೋಗಿಬಿಟ್ಟಿತ್ತು. ಅಲ್ಲಿಂದಲೂ ನಡೆದೆ.

ಮಾಘದಲ್ಲಿ ಆ ಊರಿನ ಗ್ರಾಮಾಧಿಕಾರಿ ಬೇರೆ ಕೆಲಸಕ್ಕೆ ಕೋರ್ಟಿಗೆ ಬಂದವರು ಮಾತಿನ ನಡುವೆ ಹೇಳಿದರು. ಕರಿಯಮ್ಮನ ಎರಡನೆಯ ಮಗಳಿಗೆ ನೋವು ಬಂದಿತಂತೆ. ಬೆಳಕು ಹರಿಯುವ ಹೊತ್ತಿಗೆ ಕರಿಯಮ್ಮ ತಾನೇ ತಿಮ್ಮಕ್ಕನ ಬಾಗಿಲಿಗೆ ಹೋಗಿ ಕರೆದಳಂತೆ. ತಿಮ್ಮಕ್ಕ ಕೂಡಲೇ ಎದ್ದು ಬಂದಳಂತೆ. ತಾಯಿ, ಮಗು ಇಬ್ಬರೂ ಸುಖವಾಗಿದ್ದಾರೆ. ಅವರು ಹೇಳಿ ಮುಗಿಸಿದ ಮೇಲೂ ನಾನು ತಲೆ ಎತ್ತಲಿಲ್ಲ. ಮುಂದಿದ್ದ ಹಾಳೆಯ ಅಕ್ಷರಗಳು ಕಾಣುತ್ತಿರಲಿಲ್ಲ.

ಅಲ್ಲಿಂದ ಮುಂದೆ ನಿವೃತ್ತನಾಗುವವರೆಗೆ ನಾನು ಒಂದು ರೂಢಿ ಇಟ್ಟುಕೊಂಡೆ. ಮನುಷ್ಯರ ಬಗ್ಗೆ ಬರೆದ ಸಾಲು ಬಂದರೆ ಪೆನ್ನು ಕೆಳಗಿಡುವುದು. ಎದ್ದು ಹೋಗಿ ನೀರು ಕುಡಿದು ಬರುವುದು. ಆಮೇಲೆ ಆ ಸಾಲನ್ನು, ಅದು ಯಾರ ಬಗ್ಗೆ ಇದೆಯೋ ಅವರು ಎದುರು ಕುಳಿತಿದ್ದಾರೆ ಎಂದುಕೊಂಡು, ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ ನೋಡುವುದು. ಹೇಳಲು ನಾಲಗೆ ತಡೆದರೆ, ಮೂಲವನ್ನು ಮತ್ತೆ ಓದುವುದು. ಕೆಲಸ ನಿಧಾನವೆಂದು ಮೂವರು ಅಧಿಕಾರಿಗಳು ನನ್ನ ಮೇಲೆ ಬರೆದಿದ್ದಾರೆ. ಅವರು ಬರೆದದ್ದು ಸರಿ.

ತಿಮ್ಮಕ್ಕನನ್ನು ಇನ್ನೊಮ್ಮೆ ನೋಡಿದ್ದು ಬಹಳ ವರ್ಷಗಳ ಮೇಲೆ, ಮಡಕಶಿರದ ಸಂತೆಯಲ್ಲಿ. ನನ್ನ ಕೂದಲು ಬೆಳ್ಳಗಾಗಿತ್ತು, ಅವಳ ಬೆನ್ನು ಬಾಗಿತ್ತು. ಅವಳೇ ಗುರುತು ಹಿಡಿದಳು. ಈಗಲೂ ಜನ ಕರೆಯುತ್ತಾರೆಯೇ ಎಂದು ಕೇಳಿದೆ.

"ಕರೀತಾರೆ ಸ್ವಾಮಿ. ಕಣ್ಣು ಕಾಣಲ್ಲ ಅಂದ್ರೂ ಬಿಡಲ್ಲ. ಆ ಕಾಗದ, ಆ ಮಾತು, ಈಗ ಯಾರಿಗೂ ಗ್ಯಾಪ್ಕ ಇಲ್ಲ."

"ಒಳ್ಳೇದಾಯ್ತು ತಿಮ್ಮಕ್ಕ" ಅಂದೆ.

ಅವಳು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು.

"ಊರು ಮರೀಲಿ ಸ್ವಾಮಿ. ಕರಿಯಮ್ಮಾನೂ ಹೋಗ್ಬಿಟ್ಳು. ಅವಳ ಮಗಳು ರಂಗಿ ಯಾಕೆ ಹೋದ್ಲು ಅನ್ನೋದು ಇನ್ನು ನಂಗೆ ಗೊತ್ತು, ನಿಮ್ಗೆ ಗೊತ್ತು. ನೀವು ಮಾತ್ರ ಮರೀಬ್ಯಾಡಿ."

ಮರೆಯುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟೆ.